ನೌರು ವಿಮಾನ ಕಂಪನಿಯಿಂದ ಹೋಟೆಲಿನವರು ಕಲಿಯಬೇಕಾದ ಪಾಠ



ಪೆಸಿಫಿಕ್ ಸಾಗರದಲ್ಲಿ ನೌರು ಎಂಬ ದ್ವೀಪ ದೇಶವಿದೆ. ವಿಸ್ತೀರ್ಣ 21 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 12 ಸಾವಿರ. ಮುಂಬೈಯ ಒಂದೆರಡು ದೊಡ್ಡ ಕಾಲೊನಿಗಳಲ್ಲೇ ಅಷ್ಟು ಜನ ಇದ್ದಾರೆ. ಇಂಥ ದೇಶದ ವಿಮಾನ ಕಂಪನಿ ಏರಿ, ಬಿದ್ದು, ಮತ್ತೆ ಎದ್ದ ಕಥೆ ನಮ್ಮ ಧಂದೆಗೂ ಹೊಂದುತ್ತದೆ.

ನೌರುವಿನ ನೆಲದಲ್ಲಿ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಹೇರಳವಾಗಿತ್ತು. 1968ರಲ್ಲಿ ಸ್ವಾತಂತ್ರ್ಯ ಸಿಕ್ಕಿದ ಮೇಲೆ ಅದರ ಹಣ ದೇಶಕ್ಕೇ ಬರತೊಡಗಿತು. 1970ರಲ್ಲಿ ಒಂದು ಸಣ್ಣ ಜೆಟ್ ವಿಮಾನದಿಂದ 'ಏರ್ ನೌರು' ಶುರುವಾಯಿತು. 1980ರ ದಶಕದಲ್ಲಿ ಐದಾರು ಬೋಯಿಂಗ್‌ಗಳು! ಮೆಲ್ಬೋರ್ನ್, ಆಕ್ಲೆಂಡ್, ಮನಿಲಾ, ಹಾಂಗ್‌ಕಾಂಗ್, ಹೊನೊಲುಲು ಎಂದು ಹಾರಾಟ. ಆದರೆ ಸೀಟುಗಳು ಹೆಚ್ಚಾಗಿ ಖಾಲಿ. ನಷ್ಟವನ್ನು ಫಾಸ್ಫೇಟ್ ಹಣ ತುಂಬುತ್ತಿತ್ತು.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಗಣಿ ಬರಿದಾಗುತ್ತ ಬಂತು, ವಿಮಾನಗಳು ಒಂದೊಂದೇ ಹೋದವು. ಡಿಸೆಂಬರ್ 2005ರಲ್ಲಿ ಉಳಿದ ಒಂದೇ ಬೋಯಿಂಗನ್ನು ಸಾಲದ ಬಾಕಿಗಾಗಿ ಅಮೆರಿಕದ ಎಕ್ಸ್‌ಪೋರ್ಟ್-ಇಂಪೋರ್ಟ್ ಬ್ಯಾಂಕು ವಶಪಡಿಸಿಕೊಂಡಿತು.

2006ರಲ್ಲಿ ತೈವಾನ್ ನೆರವಿನಿಂದ 'ಅವರ್ ಏರ್‌ಲೈನ್' ಎಂಬ ಹೆಸರಿನಲ್ಲಿ ಒಂದೇ ವಿಮಾನದೊಡನೆ ಮತ್ತೆ ಆರಂಭ. 2014ರಿಂದ ಹೆಸರು 'ನೌರು ಏರ್‌ಲೈನ್ಸ್'. ಈಗ ಪ್ರಯಾಣಿಕರ ಟಿಕೆಟನ್ನು ಮಾತ್ರ ನಂಬದೆ, ಸರಕು ಸಾಗಣೆ ಮತ್ತು ಬಾಡಿಗೆ ಹಾರಾಟದಿಂದಲೂ ಗಳಿಸುತ್ತದೆ.

ಇದರಿಂದ ನಾವು ಕಲಿಯಬೇಕಾದ್ದು:

1. ಖಾಲಿ ಸೀಟು ಮಾರದೆ ಉಳಿದ ಇಡ್ಲಿಯ ಹಾಗೆ. ನಾಳೆ ಮಾರಲು ಬರುವುದಿಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮಲ್ಲಿ ಎಷ್ಟು ಮೇಜು ಖಾಲಿ? ಒಂದು ವಾರ ಬರೆದಿಡೋಣ. ಬಾಡಿಗೆ, ಸಂಬಳ, ಗ್ಯಾಸು ಆ ಹೊತ್ತಿಗೂ ಓಡುತ್ತಲೇ ಇರುತ್ತದೆ.

2. ಹಳೇ ಹೋಟೆಲಿನ ಗಲ್ಲೆಯಿಂದ ಹೊಸ ಬ್ರಾಂಚಿನ ನಷ್ಟ ತುಂಬುವುದಕ್ಕೆ ಒಂದು ಗಡುವು ಬೇಕು. ಎರಡರ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಇಡಬೇಕು. ಇಲ್ಲದಿದ್ದರೆ ಯಾವುದು ಯಾವುದನ್ನು ತಿನ್ನುತ್ತಿದೆ ಎಂದು ತಿಳಿಯುವುದಿಲ್ಲ.

3. ಒಂದೇ ಕಡೆಯ ಗಿರಾಕಿಯನ್ನು ನಂಬಬಾರದು. ಗಿರಣಿಯ ಗೇಟನ್ನೇ ನಂಬಿದ್ದ ಖಾನಾವಳಿಗಳ ಪಾಡು 1982ರ ಮುಷ್ಕರದ ನಂತರ ಏನಾಯಿತೆಂದು ಮುಂಬೈಯವರಾದ ನಮಗೆ ಹೇಳಬೇಕಿಲ್ಲ. ಇಂದು ಒಂದು ಆಫೀಸು, ಒಂದು ಕಾಲೇಜು ಎಂದು ಕುಳಿತವರಿಗೂ ಅದೇ ಮಾತು. ಪಾರ್ಸೆಲ್, ಸಮಾರಂಭದ ಊಟ, ಟಿಫಿನ್ ಇವುಗಳಲ್ಲಿ ಯಾವುದಾದರೊಂದನ್ನು ಜೊತೆಗಿಟ್ಟುಕೊಳ್ಳಬೇಕು.

ವ್ಯಾಪಾರ ಚೆನ್ನಾಗಿರುವಾಗಲೇ ಈ ಲೆಕ್ಕ ಹಾಕಬೇಕು. ಬ್ಯಾಂಕಿನವರು ಬಾಗಿಲಿಗೆ ಬಂದ ಮೇಲೆ ಹಾಕಿ ಪ್ರಯೋಜನವಿಲ್ಲ.