ಮೊದಲ ಸಲ ಆಪ್ತಸಮಾಲೋಚನೆಗೆ ಹೋಗುವವರಿಗೆ

‘ಒಮ್ಮೆ ಕೌನ್ಸೆಲಿಂಗ್‌ಗೆ ಹೋಗಿ ಬಾ’ ಅಂದರೆ ನಮ್ಮ ಕಡೆ ಥಟ್ಟನೆ ಬರುವ ಉತ್ತರ: ‘ನನಗೇನು ತಲೆ ಕೆಟ್ಟಿದೆಯಾ?’ ಆಪ್ತಸಮಾಲೋಚನೆಗೆ ಹೋಗಲು ತಲೆ ಕೆಡಬೇಕಿಲ್ಲ. ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷದ ಸಾಲ, ಗಂಡನ ಕುಡಿತ, ಪರೀಕ್ಷೆಯ ಭಯ, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಉಳಿದ ವೃದ್ಧರ ಒಂಟಿತನ, ಇಷ್ಟು ಸಾಕು.

ಎಲ್ಲಿಗೆ ಹೋಗಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ತಿಂಗಳಿಗೊಂದು ಮಂಗಳವಾರವಾದರೂ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂದು ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಆರಂಭಿಸಿತು. ಯಾವ ಮಂಗಳವಾರ ಎಂಬುದನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಮಳೆಗಾಲದಲ್ಲಿ ಪೇಟೆಗೆ ಬರುವುದೇ ಕಷ್ಟವೆನ್ನುವವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ‘ಟೆಲಿ ಮಾನಸ್’ ಸಹಾಯವಾಣಿ ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ದಿನ ಏನಾಗುತ್ತದೆ? ಹೊಸನಗರದ ಕಡೆಯ ರೈತರೊಬ್ಬರು ಬಂದಿದ್ದಾರೆ ಎಂದುಕೊಳ್ಳಿ. ‘ನಿದ್ದೆ ಬರಲ್ಲ, ಊಟ ಸೇರಲ್ಲ, ಗ್ಯಾಸ್ ಟ್ರಬಲ್ ಇರಬೇಕು’ ಎನ್ನುತ್ತಾರೆ. ಸಮಾಲೋಚಕರು ಅವಸರ ಮಾಡುವುದಿಲ್ಲ. ‘ಎಷ್ಟು ಗಂಟೆಗೆ ಮಲಗ್ತೀರಿ? ಎಚ್ಚರವಾದಾಗ ಮೊದಲು ಏನು ನೆನಪಾಗುತ್ತೆ?’ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳುತ್ತಾರೆ: ‘ಸೊಸೈಟಿ ಸಾಲದ ಕಂತು.’ ನಿಜವಾದ ಮಾತು ಶುರುವಾಗುವುದು ಅಲ್ಲಿಂದ. ಅತ್ತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ದೇವಸ್ಥಾನದಲ್ಲಿ ಪ್ರಶ್ನೆ ಕೇಳಿಸಿದ್ದರೆ, ಹರಕೆ ಹೊತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ.

ಸಮಾಲೋಚಕರು ಬುದ್ಧಿ ಹೇಳುವ ಹಿರಿಯರಲ್ಲ, ಪಂಚಾಯ್ತಿಕೆ ಮಾಡುವವರೂ ಅಲ್ಲ. ಸಾಲ ತೀರಿಸಿಕೊಡಲಾರರು, ‘ಗಂಡನನ್ನು ಬಿಡು’ ಎಂದೂ ಹೇಳಲಾರರು. ಗೋಜಲಾದದ್ದನ್ನು ಬಿಡಿಸಿ ನೋಡಲು ಜೊತೆಗೆ ಕೂರುತ್ತಾರೆ, ತೀರ್ಮಾನ ನಿಮ್ಮದೇ. ಒಂದೇ ಭೇಟಿಗೆ ಎಲ್ಲ ಮುಗಿಯುವುದು ಅಪರೂಪ. ಔಷಧಿ ಬರೆಯುವುದು ವೈದ್ಯರ ಕೆಲಸ. ಬೇಕೆನಿಸಿದರೆ ಮನೋವೈದ್ಯರ ಬಳಿ ಕಳಿಸುತ್ತಾರೆ.

ಹೇಳಿದ್ದು ಊರೆಲ್ಲ ಹರಡಿದರೆ? ಚಿಕ್ಕ ಊರಿನಲ್ಲಿ ಈ ಅಂಜಿಕೆ ಸಹಜ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಸಂಬಂಧಪಟ್ಟವರಿಗೆ ತಿಳಿಸಬೇಕಾಗುತ್ತದೆ.

ಕಾಯಿಲೆ ದೊಡ್ಡದಿದ್ದರೂ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬಹುದು ಎಂಬುದಕ್ಕೆ ನಮ್ಮ ತೀರ್ಥಹಳ್ಳಿಯೇ ಸಾಕ್ಷಿ. ಸ್ಕಿಜೋಫ್ರೀನಿಯಾ ಇದ್ದವರನ್ನು ಊರಿನಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸವನ್ನು ನಿಮ್ಹಾನ್ಸ್ 2005ರಲ್ಲೇ ಈ ತಾಲ್ಲೂಕಿನಲ್ಲಿ ಕೈಗೆತ್ತಿಕೊಂಡಿತ್ತು.

ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ಮನೆಯವರು ಬಂದರೂ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಬೇಕೆಂದು ಕೇಳಿ. ಸಮಾಲೋಚಕರು ಹೊಂದಿಕೆಯಾಗದಿದ್ದರೆ ಬೇರೆಯವರನ್ನು ಕೇಳುವುದರಲ್ಲಿ ತಪ್ಪಿಲ್ಲ. ಸಾಯುವ ಯೋಚನೆ ಬರುತ್ತಿದ್ದರಂತೂ ಮಂಗಳವಾರದವರೆಗೆ ಕಾಯಬೇಡಿ. ಈಗಲೇ 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಪುಕ್ಕಟೆ ಸಿಗುತ್ತದೆಂದು ಆಪ್ತಸಮಾಲೋಚನೆಯನ್ನು ಹಗುರವಾಗಿ ಕಾಣಬೇಡಿ. ಕೊಟ್ಟ ದಿನಕ್ಕೆ ತಪ್ಪದೆ ಹೋಗಿ; ಆಗದಿದ್ದರೆ ಮುಂಚೆಯೇ ತಿಳಿಸಿ, ಆ ಸಮಯ ಇನ್ನೊಬ್ಬರಿಗಾದರೂ ಸಿಗುತ್ತದೆ.