ಮಂಗನ ಕಾಯಿಲೆಯಲ್ಲಿ ಮಂಗನ ಪಾಲೆಷ್ಟು? – ಒಂದು ಪಾಠಾನುಭವ

ಬೋಧನಾಭ್ಯಾಸಕ್ಕಾಗಿ ನಮ್ಮ ತಂಡ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲೆಗಳಿಗೆ ಹಂಚಿಹೋಗಿತ್ತು. ನನ್ನ ಪಾಲಿಗೆ ನ್ಯಾಮತಿ. ಎಂಟನೇ ತರಗತಿ, ಸೂಕ್ಷ್ಮಜೀವಿಗಳ ಪಾಠ. ಮೌಲ್ಯಮಾಪನದ ಹಂತದಲ್ಲಿ ‘ಡೆಂಗಿ ಯಾವುದರಿಂದ ಬರುತ್ತದೆ?’ ಎಂದು ಕೇಳಿದೆ. ‘ಸೊಳ್ಳೆಯಿಂದ’ ಎಂದು ಇಡೀ ತರಗತಿ ಕೂಗಿತು. ‘ಜಾಣರು’ ಎಂದು ಮುಂದೆ ಹೋದೆ. ಹಿಂದಿನ ಬೆಂಚಿನಲ್ಲಿದ್ದ ವೀಕ್ಷಕರು ಪಾಠಯೋಜನೆಯ ಅಂಚಿನಲ್ಲಿ ಬರೆದದ್ದು ಒಂದೇ ಸಾಲು: ‘ಸೊಳ್ಳೆ ಸೂಕ್ಷ್ಮಜೀವಿಯೇ?’

ತಪ್ಪು ಮಕ್ಕಳದಲ್ಲ, ನನ್ನ ಪ್ರಶ್ನೆಯದು. ರೋಗಕಾರಕ ಮತ್ತು ವಾಹಕ ಎರಡನ್ನೂ ಅದು ಕಲಸಿಬಿಟ್ಟಿತ್ತು. ಮರುದಿನ ಮಂಗನ ಕಾಯಿಲೆಯಿಂದ ಶುರುಮಾಡಿದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಈ ಸುದ್ದಿ ಇಲ್ಲಿನ ಮಕ್ಕಳ ಕಿವಿಗೆ ಹೊಸದಲ್ಲ. ಹೊನ್ನಾಳಿ, ಚನ್ನಗಿರಿ ಕೂಡ 1997ರವರೆಗೆ ಆ ಜಿಲ್ಲೆಯಲ್ಲೇ ಇದ್ದವು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸದೊಂದು ವೈರಸ್ ಪತ್ತೆಹಚ್ಚಿದರು. ಇಷ್ಟು ಹೇಳಿ, ‘ಹಾಗಾದರೆ ಮಂಗಗಳನ್ನು ಓಡಿಸಿದರೆ ಸಾಕೇ?’ ಎಂದೆ. ಬಹಳ ಕೈಗಳು ಎದ್ದವು. ಒಬ್ಬಳು ಮಾತ್ರ, ‘ಮಂಗನೂ ಸಾಯ್ತಲ್ಲ ಮಿಸ್, ಅದಕ್ಕೆ ಯಾರು ಕೊಟ್ರು?’ ಎಂದಳು.

ನನ್ನ ಯೋಜನೆಯಲ್ಲಿ ಇಲ್ಲದ ಆ ಪ್ರಶ್ನೆಯೇ ಪಾಠವನ್ನು ನಡೆಸಿತು. ವೈರಸ್ಸನ್ನು ಹೊತ್ತು ತರುವುದು ಹೀಮಫೈಸಾಲಿಸ್ ಜಾತಿಯ ಉಣುಗು. ಮಂಗ ನಮ್ಮಂತೆಯೇ ರೋಗಿ. ಆದರೆ ಅದು ಸತ್ತಾಗ ಮೈಮೇಲಿನ ಉಣುಗುಗಳು ನೆಲಕ್ಕೆ ಉದುರುತ್ತವೆ. ಸೌದೆಗೋ ತರಗೆಲೆಗೋ ಹೋದವರನ್ನು ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣುಗು ಕಚ್ಚುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆನ್ನುವುದು ಇದಕ್ಕೇ. ಕಾಯಿಲೆ ಬಿದ್ದವರಿಂದ ಮನೆಯವರಿಗೆ ಹರಡುವುದಿಲ್ಲ ಎಂದಾಗ ತರಗತಿಗೆ ಸಮಾಧಾನವಾದಂತೆ ಕಂಡಿತು. ಡೆಂಗಿ ವೈರಸ್ಸೂ ಇದೇ ಕುಟುಂಬದ್ದು, ವಾಹಕ ಮಾತ್ರ ಬೇರೆ ಎಂದು ಹಿಂದಿನ ದಿನದ ಸೊಳ್ಳೆಗೆ ಮರಳಿದೆ.

ಪದದ ಬಗ್ಗೆ ಒಂದು ಮಾತು. ಜಗಳೂರಿನಲ್ಲಿ ಗೆಳತಿ ಇದೇ ಪಾಠಕ್ಕೆ ‘ಉಣ್ಣೆ’ ಎಂದಾಗ ಮಕ್ಕಳು ಕಂಬಳಿಯನ್ನು ನೆನೆದರಂತೆ. ‘ದನದ ಕಿವಿಯಲ್ಲಿ ಕಚ್ಚಿಕೊಂಡಿರುತ್ತಲ್ಲ, ಅದು’ ಎಂದ ಮೇಲೆ ನಕ್ಕರು.

ಘಟಕ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಕಾಲಂ ಮಾಡಿದೆ: ‘ರೋಗ ಉಂಟುಮಾಡುವುದು’, ‘ಹೊತ್ತು ತರುವುದು’. ಟೈಫಾಯ್ಡ್ ಎದುರು ಒಬ್ಬ ಹುಡುಗ ‘ಬ್ಯಾಕ್ಟೀರಿಯಾ’, ‘ನೀರು’ ಎಂದು ಬರೆದಿದ್ದ. ನೀರು ಜೀವಿಯಲ್ಲ, ವಾಹಕವೆಂಬ ಪದ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಪಕ್ಕದಲ್ಲಿ ‘ಮಾಧ್ಯಮ’ ಎಂದು ಬರೆದು, ಎರಡೂ ಅಂಕ ಕೊಟ್ಟೆ.