ಆಕಾಶ ಮಾರಿದವರೂ ಒಂದು ಕಾನೂನೂ



ಅಮೆರಿಕದ ಕ್ಯಾನ್ಸಾಸ್ ಗೋಧಿ ಬೆಳೆಯುವ ಸೀಮೆ. 1910ರ ಸುಮಾರಿಗೆ ಅಲ್ಲಿಯ ರೈತರ ಕೈಯಲ್ಲಿ ನಾಲ್ಕು ಕಾಸು ಕೂಡಿತ್ತು. ಇದನ್ನರಿತ ದಲ್ಲಾಳಿಗಳು ಇಲ್ಲದ ಗಣಿಗಳ ಷೇರುಗಳನ್ನು, ಅಂದರೆ ಕಂಪನಿಯ ಪಾಲುಗಳನ್ನು, ಅವರಿಗೆ ಮಾರಿದರು. ಬರಿಯ ಆಕಾಶವನ್ನೇ ಮಾರುತ್ತಾರೆಂದು ಜನ ಆಡಿಕೊಂಡರು. ಬ್ಯಾಂಕ್ ಕಮಿಷನರ್ ಜೆ. ಎನ್. ಡಾಲಿಯವರ ಒತ್ತಾಯದಿಂದ 1911ರಲ್ಲಿ ಬಂದ ಕಾನೂನಿಗೆ 'ನೀಲಿ ಆಕಾಶದ ಕಾನೂನು' ಎಂದೇ ಹೆಸರಾಯಿತು. ಕಂಪನಿಯು ತನ್ನ ಲೆಕ್ಕವನ್ನೂ ಯೋಜನೆಯನ್ನೂ ಮೊದಲು ಸರ್ಕಾರಕ್ಕೆ ಬರೆದು ಕೊಡಬೇಕು. ನ್ಯಾಯವಲ್ಲವೆಂದು ಕಂಡರೆ ಕಮಿಷನರು ಮಾರಾಟವನ್ನೇ ತಡೆಯಬಹುದು.

ಆದರೆ ಬೇರೆ ರಾಜ್ಯದಲ್ಲಿ ಕೂತು ಅಂಚೆಯಲ್ಲಿ ಮಾರುವವನನ್ನು ಹಿಡಿಯುವುದು ಹೇಗೆ? 1929ರಲ್ಲಿ ಷೇರುಪೇಟೆ ಕುಸಿದ ಮೇಲೆ, 1933ರಲ್ಲಿ ಇಡೀ ದೇಶಕ್ಕೇ ಕಾನೂನಾಯಿತು. ಇದರ ರೀತಿ ಬೇರೆ. ಸಾಲವೆಷ್ಟು, ಡೈರೆಕ್ಟರುಗಳು ಯಾರು, ಕೂಡಿಸಿದ ಹಣ ಯಾವುದಕ್ಕೆ, ಎಲ್ಲವನ್ನೂ ಬರೆದು ತಿಳಿಸಬೇಕು. ಸುಳ್ಳಾದರೆ ಕೊಂಡವನು ದಾವೆ ಹೂಡಬಹುದು. ಷೇರು ಒಳ್ಳೆಯದೋ ಕೆಟ್ಟದ್ದೋ ಎಂದು ಮಾತ್ರ ಸರ್ಕಾರ ಹೇಳದು. ನನಗೇನೋ ಕ್ಯಾನ್ಸಾಸಿನ ರೀತಿಯೇ ಹಿಡಿಸುತ್ತದೆ. ಓದು ಬಾರದವನಿಗೂ ಅದು ಕಾವಲು.

ನಮ್ಮಲ್ಲಿ ಷೇರುಪೇಟೆಯನ್ನು ನೋಡಿಕೊಳ್ಳುವ, 1992ರಲ್ಲಿ ಶಾಸನದ ಅಧಿಕಾರ ಪಡೆದ ಸೆಬಿ ಕೂಡ ವಿವರಗಳನ್ನು ಬರೆಯಿಸುತ್ತದೆ, ಲಾಭಕ್ಕೆ ಹೊಣೆಯಾಗುವುದಿಲ್ಲ. ಅಂಥ ವಿವರಣ ಪತ್ರ ಕೈಗೆ ಬಂದರೆ ತನ್ನಿ, ಕೂತು ಓದೋಣ.